ಮಾವನವರು ಕೆಮ್ಮಿದರು, ನಾನು ಸಿಮ್ ಬಗ್ಗೆ ಕೇಳಲಿಲ್ಲ

ಒಂದು ಮಾತು ಕೇಳುತ್ತೇನೆ, ನಾಚಿಕೆ ಬಿಟ್ಟು ಹೇಳಿ. ಸೆಕೆಂಡ್ ಹ್ಯಾಂಡ್ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊಂಡು, ಖುಷಿಯಿಂದ ಮನೆಗೆ ತಂದು, ನಿಮ್ಮ ಸಿಮ್ ಹಾಕಿದಾಗ ಅದು ಒಲ್ಲೆ ಎಂದಿದ್ದು ನಿಮಗೂ ಆಗಿದೆಯಾ? ನನಗಾಗಿದೆ. ಹದಿನೈದು ವರ್ಷದ ಮೇಲಾಯಿತು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಆಗಲೂ ಹಾವೇರಿಯಲ್ಲೇ ಇದ್ದೆವು. ಗಂಡ ಹತ್ತಿರದ ಹಳ್ಳಿಯೊಂದರಲ್ಲಿ ಮಾಸ್ತರು. ನಾನು ಮನೆಯಲ್ಲೇ ಖಾರಪುಡಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಮಾಡಿ ಮಾರುತ್ತಿದ್ದೆ. ಪ್ರತಿ ಪಾಕೀಟಿನ ಮೇಲೆ ನನ್ನ ಮೊಬೈಲ್ ನಂಬರ್ ಅಚ್ಚು ಹಾಕಿಸಿದ್ದೆ. ಅಂಗಡಿಗೆ ಬೋರ್ಡು ಇರುತ್ತದಲ್ಲ, ನನಗೆ ಆ ನಂಬರೇ ಬೋರ್ಡು. ಅದಿಲ್ಲದಿದ್ದರೆ ನಾನು ಸುಮ್ಮನೆ ಅಡುಗೆಮನೆಯಲ್ಲಿ ಖಾರ ಕುಟ್ಟುವ ಹೆಂಗಸು.

ಒಂದು ದಿನ ಮೆಣಸಿನಕಾಯಿ ಹುರಿಯುವ ಗಡಿಬಿಡಿಯಲ್ಲಿ ನನ್ನ ಫೋನು ನೀರಿನ ಬಕೀಟಿಗೆ ಬಿತ್ತು. ಒರೆಸಿ, ಬಿಸಿಲಿಗಿಟ್ಟು, ಅಕ್ಕಿ ಡಬ್ಬಿಯಲ್ಲಿ ಹೂತು ನೋಡಿದೆ. ಏಳಲಿಲ್ಲ. ಸಿಮ್ ಮಾತ್ರ ಉಳಿಯಿತು. ಸಾಯಬೇಕಾದ್ದು ಬೇರೆ ವಾರ ಸಾಯಬಾರದಿತ್ತೇ? ಹುಬ್ಬಳ್ಳಿಯ ಒಂದು ದೊಡ್ಡ ಕಿರಾಣಿ ಅಂಗಡಿಯವರು ನನ್ನ ಪಾಕೀಟಿನ ರುಚಿ ನೋಡಿ, ಈ ವಾರದಲ್ಲಿ ಫೋನ್ ಮಾಡಿ ಎಷ್ಟು ಮಾಲು ಬೇಕೆಂದು ಹೇಳುತ್ತೇವೆ, ಪ್ರತಿ ತಿಂಗಳೂ ಬೇಕಾಗುತ್ತದೆ ಎಂದಿದ್ದರು. ಅಲ್ಲಿಯವರೆಗೆ ನಾನು ಮಾರಿದ್ದೆಲ್ಲ ಓಣಿಗೆ, ಹಾಸ್ಟೆಲ್ಲಿಗೆ, ಮದುವೆ ಮನೆಗೆ. ಒಂದು ಅಂಗಡಿ ತಿಂಗಳಿಗೊಮ್ಮೆ ಖಾಯಂ ಒಯ್ಯುವುದೆಂದರೆ ನನಗೆ ಅದು ಎಷ್ಟು ದೊಡ್ಡದು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಸಿಮ್ಮನ್ನು ಗಂಡನ ಫೋನಿಗೆ ಹಾಕಿದೆವು. ಅವರು ತಮ್ಮ ಸಿಮ್ ತೆಗೆದು ಜೇಬಿನಲ್ಲಿಟ್ಟುಕೊಂಡರು. ಆದರೆ ಶಾಲೆಯಲ್ಲಿ ಬೇರೆ ಫೋನಿಲ್ಲವೆಂದು ಅದು ದಿನಾ ಅವರ ಜೊತೆ ಅಲ್ಲಿಗೆ ಹೋಗುತ್ತಿತ್ತು. ಹುಬ್ಬಳ್ಳಿಯವರು ಮಾಡಿದರೆ ನನ್ನನ್ನು ಕರೆಯುವುದು ಹೇಗೆ? ಪಕ್ಕದ ಮನೆಯವರ ಫೋನಿಗೆ ಸಿಮ್ ಹಾಕುವ ಜಾಗವೇ ಇರಲಿಲ್ಲ, ನಂಬರು ಫೋನಿನ ಹೊಟ್ಟೆಯಲ್ಲೇ ಇರುತ್ತಿತ್ತು, ನೆನಪಿದೆಯಲ್ಲ ಆ ನಮೂನೆಯವು. ಅಂತೂ ನನಗೆ ಲಗೂ ಒಂದು ಫೋನು ಬೇಕಾಗಿತ್ತು.

ಆಗ ನಮ್ಮ ಮಾವನವರು ನಡುವೆ ಬಂದರು. ರಾಣೇಬೆನ್ನೂರಿನಲ್ಲಿ ಹಳೇ ಫೋನು ಮಾರುವ ಅಂಗಡಿಯಿದೆ, ಸಣ್ಣದೇಕೆ, ಧಂದೆ ಮಾಡುವವಳಿಗೆ ದೊಡ್ಡ ಫೋನೇ ಕೊಡಿಸೋಣ ಎಂದರು. ದೊಡ್ಡ ಫೋನೆಂದರೆ ಆಗಿನ ಸ್ಮಾರ್ಟ್‌ಫೋನು. ಪರದೆ ಮುಟ್ಟಿದರೆ ಏನೂ ಆಗುವುದಿಲ್ಲ, ಕೆಳಗೆ ಎಬಿಸಿಡಿಯ ಸಾಸಿವೆಯಂಥ ಗುಂಡಿಗಳು, ಇ-ಮೇಲ್ ಬರುತ್ತದೆ, ಫೋಟೊ ತೆಗೆಯುತ್ತದೆ. ಸುಳ್ಳೇಕೆ ಹೇಳಲಿ, ನನಗೂ ಆಸೆಯಿತ್ತು.

ಮಾವನವರ ಬಗ್ಗೆ ಒಂದಿಷ್ಟು ಹೇಳಲೇಬೇಕು. ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಯಲ್ಲಿ ಖರೀದಿ ಮಾಡುತ್ತಲೇ ತಲೆ ಬೆಳ್ಳಗಾದವರು. ಅಲ್ಲಿ ಖರೀದಿದಾರ ರಾಶಿಯ ಮುಂದೆ ನಿಂತು ರೈತನನ್ನು ಏನೂ ಕೇಳುವುದಿಲ್ಲ. ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ತೊಟ್ಟು ನೋಡುತ್ತಾನೆ, ಕಿವಿಯ ಹತ್ತಿರ ಅಲುಗಿಸಿ ಬೀಜದ ಸಪ್ಪಳ ಕೇಳುತ್ತಾನೆ, ಮುರಿದು ಮೂಸುತ್ತಾನೆ, ಚೀಟಿಯಲ್ಲಿ ರೇಟು ಬರೆದು ಹಾಕಿ ಮುಂದೆ ಹೋಗುತ್ತಾನೆ. ಕೇಳಿದರೆ ನಮಗೆ ಗೊತ್ತಿಲ್ಲವೆಂದು ಮಾಲಿನವನಿಗೆ ಗೊತ್ತಾಗುತ್ತದೆ ಎನ್ನುವುದು ಇವರ ವಾದ. ಜೊತೆಗಿದ್ದವರು ಬಾಯಿ ತೆರೆದರೆ ಒಂದು ಕೆಮ್ಮು ಕೆಮ್ಮುತ್ತಿದ್ದರು, ಸಣ್ಣ ಒಣ ಕೆಮ್ಮು. ಅದರ ಅರ್ಥ ಸುಮ್ಮನಿರು ಎಂದು. ಮನೆಯಲ್ಲಿ ಸೀರೆ ಮಾರುವವರು ಬಂದಾಗಲೂ ಅದೇ ಕೆಮ್ಮು.

ರಾಣೇಬೆನ್ನೂರಿಗೆ ಹೋದೆವು. ಸಿಮ್ ತರಲಿಲ್ಲ. ಏಕೆಂದರೆ ನಾವು ಬಸ್ಸಿನಲ್ಲಿದ್ದಾಗಲೇ ಹುಬ್ಬಳ್ಳಿಯವರು ಫೋನ್ ಮಾಡಿದರೆ? ಅದು ಗಂಡನ ಫೋನಿನಲ್ಲೇ ಇರಲಿ, ಯಾರಾದರೂ ಎತ್ತಲಿ ಎಂದು ನಾವೇ ಲೆಕ್ಕ ಹಾಕಿದ್ದೆವು. ಎಂಥ ಜಾಣತನ ನೋಡಿ.

ಅಂಗಡಿಯವ ಫೋನು ಕೊಟ್ಟ. ಮಾವನವರು ಅಂಗೈಯಲ್ಲಿ ತೂಗಿದರು. ಬೆನ್ನಿನ ಮುಚ್ಚಳ ತೆಗೆಸಿ ಬ್ಯಾಟರಿ ಉಬ್ಬಿದೆಯೇ ನೋಡಿದರು, ಒಂದೊಂದೇ ಗುಂಡಿ ಒತ್ತಿದರು, ಕಿವಿಯ ಹತ್ತಿರ ಅಲುಗಿಸಿದರು. ಖರೇ ಹೇಳುತ್ತೇನೆ, ಮೂಸಿಯೂ ನೋಡಿದರು. ಅಂಗಡಿಯವ ಕೈಕಟ್ಟಿ ಗೌರವದಿಂದ ನಿಂತುಬಿಟ್ಟ. ನಾನು ಮೆಲ್ಲಗೆ, ಇದರಲ್ಲಿ ನಮ್ಮ ಕಂಪನಿಯ ಸಿಮ್ ಎಂದು ಶುರು ಮಾಡಿದೆ. ಕೆಮ್ಮು ಬಂತು. ನಾನು ಬಾಯಿ ಮುಚ್ಚಿದೆ.

ಅದರೊಳಗೆ ಅಂಗಡಿಯವನದೇ ಸಿಮ್ ಇತ್ತು. ಮಾವನವರು ಅದರಿಂದಲೇ ನನ್ನ ನಂಬರಿಗೆ ಫೋನ್ ಹಚ್ಚಿದರು. ಗಂಡ ಎತ್ತಿ, ಯಾರು ಎಂದರು. ಮಾವನವರು ಒಂದು ಮಾತೂ ಆಡದೆ ಕಟ್ ಮಾಡಿ ನನ್ನ ಕಡೆ ತಿರುಗಿದರು.

"ನಿನ್ನ ನಂಬರಿಗೇ ಹತ್ತೇತಿ. ಇನ್ನೇನ್ ನೋಡೂದೈತವಾ?"

ಆಗ ಅದು ನನಗೂ ಸರಿಯಾಗೇ ಕಂಡಿತು. ನಮ್ಮ ನಂಬರಿಗೆ ಹತ್ತಿದ ಫೋನಿನಲ್ಲಿ ನಮ್ಮ ಸಿಮ್ ನಡೆಯದೇ ಇರುತ್ತದೆಯೇ? ಈಗ ನಗಬೇಡಿ. ಆಗ ನಿಮಗೂ ಗೊತ್ತಿರಲಿಲ್ಲ.

ಬರುವಾಗ ಬ್ಯಾಡಗಿಯಲ್ಲಿ ಇಳಿದೆವು. ನನಗೆ ಮೆಣಸಿನಕಾಯಿ ಕೊಳ್ಳುವುದಿತ್ತು, ಅವರಿಗೆ ಫೋನು ತೋರಿಸುವುದಿತ್ತು. ಪ್ಯಾಟಿಯ ಕಟ್ಟೆಯ ಮೇಲೆ ಅವರ ವಾರಿಗೆಯ ಗೆಳೆಯರು ಕೂತಿದ್ದರು, ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬರು, ಇಷ್ಟೊಂದು ಗುಂಡಿ ಯಾಕೆ, ಹಾರ್ಮೋನಿಯಂ ಏನು ಎಂದು ಕಾಡಿದರು. ಇನ್ನೊಬ್ಬರು ಯಾವ ಕಂಪನಿಯ ಸಿಮ್ ನಡೆಯುತ್ತದೆ ಎಂದು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಮಾವನವರು ಎಲ್ಲಾ ನಡೆಯುತ್ತವೆ ಎಂದುಬಿಟ್ಟರು. ನಾನು ಮೆಣಸಿನಕಾಯಿಯ ಘಾಟಿಗೆ ಸೀನುತ್ತಾ ನಿಂತಿದ್ದೆ, ನನಗೂ ಹೆಮ್ಮೆಯೇ.

ಸಂಜೆ ಗಂಡ ಮನೆಗೆ ಬಂದವರು ನನ್ನ ಸಿಮ್ ತೆಗೆದು ಹೊಸ ಫೋನಿಗೆ ಹಾಕಿದರು. ಪರದೆಯ ಮೇಲೆ, ಈ ಸಿಮ್ ಸಲ್ಲದು ಎಂದು ಇಂಗ್ಲಿಷಿನಲ್ಲಿ ಬಂತು. ತೆಗೆದು ಒರೆಸಿ ಹಾಕಿದರು. ಅದೇ. ಆಫ್ ಮಾಡಿ ಆನ್ ಮಾಡಿದರು. ಅದೇ. ಮಾವನವರು ಇಸಿದುಕೊಂಡು ತಾವೇ ಹಾಕಿದರು, ತಮ್ಮ ಕೈಗೆ ಹೆದರಿಯಾದರೂ ನಡೆದೀತು ಎನ್ನುವಂತೆ. ಅದೇ.

ಮರುದಿನ ಎಸ್‌ಟಿಡಿ ಬೂತಿನಿಂದ ನಮ್ಮ ಸಿಮ್ಮಿನ ಕಂಪನಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಇದು ಒತ್ತಿ, ಬಿಲ್ಲಿಗೆ ಅದು ಒತ್ತಿ ಎಂದು ಒತ್ತಿಸಿ ಒತ್ತಿಸಿ, ಕೊನೆಗೆ ಬಂದ ಹುಡುಗಿ ಸಿಮ್ ನಮ್ಮದು, ಸೆಟ್ಟು ನಮ್ಮದಲ್ಲ ಮೇಡಂ ಎಂದಳು. ಫೋನಿನ ಬೆನ್ನ ಮೇಲೆ ಹೆಸರಿದ್ದ ಇನ್ನೊಂದು ಸಿಮ್ ಕಂಪನಿಗೆ ಮಾಡಿದೆ. ನಿಮ್ಮ ನಂಬರ್ ನಮ್ಮದಲ್ಲ, ನೀವು ನಮ್ಮ ಗ್ರಾಹಕರಲ್ಲ ಎಂದರು. ಸಿಮ್ಮಿನವರಿಗೆ ಸೆಟ್ಟು ಬೇಡ, ಸೆಟ್ಟಿನವರಿಗೆ ಸಿಮ್ ಬೇಡ. ನಡುವೆ ಎರಡೂ ಕೈಯಲ್ಲಿ ಹಿಡಿದು ನಿಂತವಳು ಯಾರಿಗೂ ಬೇಡ. ಹಾಗಾದರೆ ಅವರ ಸಿಮ್ಮೇ ತಗೋ ಎಂದು ಗಂಡ ಹೇಳಿದರು. ಈಗಿನ ಹಾಗೆ ನಂಬರ್ ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವುದು ಆಗ ಇರಲಿಲ್ಲ. ಅಟ್ಟದ ತುಂಬ ನನ್ನ ನಂಬರ್ ಹೊತ್ತ ಖಾಲಿ ಪಾಕೀಟು. ಹುಬ್ಬಳ್ಳಿಯವರ ಹತ್ತಿರ ಇದ್ದದ್ದೂ ಅದೇ ನಂಬರು. ಮತ್ತೆ ಸಿಮ್ ಗಂಡನ ಫೋನಿಗೇ ಹೋಯಿತು, ಫೋನು ಶಾಲೆಗೆ ಹೋಯಿತು.

ವಾರದ ಕೊನೆಗೆ ಶಾಲೆಗೆ ರಜೆ ಇದ್ದ ದಿನ, ಸಿಮ್ ತೆಗೆದು ನನ್ನ ಪರ್ಸಿನಲ್ಲಿಟ್ಟುಕೊಂಡು ಮತ್ತೆ ರಾಣೇಬೆನ್ನೂರಿಗೆ ಹೊರಟೆ. ಮಾವನವರು ಬರುತ್ತೇನೆಂದರು. ದಾರಿಯುದ್ದಕ್ಕೂ ಕಿಟಕಿಯ ಕಡೆಯೇ ನೋಡುತ್ತಿದ್ದರು. ಅಂಗಡಿಯವ ಫೋನು ನೋಡಿದವನೇ, ಇದು ಆ ಕಂಪನಿಯವರು ತಮ್ಮ ಸಿಮ್ ಜೊತೆ ಕೊಟ್ಟ ಸೆಟ್ಟು, ಲಾಕ್ ಇರುತ್ತದೆ, ಬೇರೆಯವರ ಸಿಮ್ ನಡೆಯುವುದಿಲ್ಲ, ತನ್ನ ಸಿಮ್ಮೂ ಅವರದೇ, ಅದಕ್ಕೇ ಅವತ್ತು ಹತ್ತಿತ್ತು ಎಂದು ತಣ್ಣಗೆ ಹೇಳಿದ. ಬಿಚ್ಚಿಸಲು ಹುಬ್ಬಳ್ಳಿಗೆ ಕಳಿಸಬೇಕು, ಬಂದರೆ ಬಂತು, ಇಲ್ಲವಾದರೆ ಸೆಟ್ಟು ಹೋಗುತ್ತದೆ.

"ಅವತ್ತ ಯಾಕ ಹೇಳಲಿಲ್ಲಪಾ?" ಎಂದರು ಮಾವನವರು.

"ನೀವು ಕೇಳಲೇ ಇಲ್ಲಲ್ರಿ ಯಜಮಾನ್ರ. ಕೇಳಿದ್ರ ಹೇಳತಿದ್ನಿ." ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ. "ನೀವು ನೋಡೂ ನಮೂನಿ ನೋಡಿ, ಇವರಿಗೆ ಎಲ್ಲಾ ಗೊತ್ತೈತಿ, ಆ ಕಂಪನಿ ಸಿಮ್ಮೇ ಐತಿ ಇವರದು ಅನ್ಕೊಂಡೆ. ನಾ ಏನರ ಹೇಳಾಕ ಹೋದ್ರ ಸಿಟ್ಟಿಗೇಳ್ತೀರೇನೋ ಅಂತ ಅಂಜಿಕಿ ಬಂತ್ರಿ."

ಹಣ ವಾಪಸಿಲ್ಲ, ಬೇರೆ ಸೆಟ್ಟು ಒಯ್ಯಬಹುದೆಂದ. ಗಾಜಿನ ಕೆಳಗಿದ್ದ ಒಂದು ಸಣ್ಣ ಗುಂಡಿಯ ಫೋನು ತೋರಿಸಿದೆ. ಅವನು ಕೈಗೆ ಕೊಟ್ಟ. ಇದಕ್ಕೆ ಎಲ್ಲಾ ಕಂಪನಿಯ ಸಿಮ್ ನಡೆಯುತ್ತವೆಯೇ ಎಂದು ಕೇಳಲು ಬಾಯಿ ತೆರೆದೆ. ಪಕ್ಕದಿಂದ ಕೆಮ್ಮು ಬಂತು. ಆ ಮನುಷ್ಯನಿಗೆ ಅದು ರೂಢಿ, ಪಾಪ, ತಾನಾಗಿಯೇ ಬಂದಿರಬೇಕು.

"ಮಾವಾರ, ನೀರ್ ಕುಡೀರಿ," ಎಂದೆ. ಮತ್ತೆ ಅಂಗಡಿಯವನಿಗೆ ಕೇಳಿದೆ. ಎಲ್ಲಾ ನಡೆಯುತ್ತವೆ ಎಂದ. ಅಷ್ಟಕ್ಕೇ ಬಿಡದೆ ಪರ್ಸಿನಿಂದ ನನ್ನ ಸಿಮ್ ತೆಗೆದು ಅಲ್ಲೇ ಹಾಕಿ, ಸಿಗ್ನಲ್ಲಿನ ಕಡ್ಡಿಗಳು ಏಳುವವರೆಗೆ ನಿಂತೆ. ಎದ್ದವು.

ಅವರೇ ಮಾಡಲಿ ಎಂದು ಕಾಯುವುದು ಬಿಟ್ಟು, ಅಲ್ಲಿಂದಲೇ ನಾನೇ ಹುಬ್ಬಳ್ಳಿಗೆ ಹಚ್ಚಿದೆ. ಆ ಸಾಹುಕಾರರು ಒಳ್ಳೆಯವರೇ, ಸಮಾಧಾನದಿಂದಲೇ ಹೇಳಿದರು. ಮೊನ್ನೆ ಮಾಡಿದ್ದರಂತೆ. ಯಾರೋ ಗಂಡಸು ಎತ್ತಿ, ಗದ್ದಲದ ನಡುವೆ, ಪಾಠ ನಡೆದೈತಿ ಆಮ್ಯಾಲ ಮಾಡ್ರಿ ಎಂದಿಟ್ಟರಂತೆ.

"ಖಾರಪುಡಿ ಅಂಗಡಿ ಅಂತ ಮಾಡಿದ್ರ ಸಾಲಿಗೆ ಹತ್ತಿತಲ್ರಿ ಅಕ್ಕಾರ. ಬ್ಯಾರೇದವರಿಗೆ ಹೇಳಿಬಿಟ್ಟೆ."

ಮಧ್ಯಾಹ್ನದ ಬಸ್ಸು ಹತ್ತಿದೆವು. ಮೋಟೆಬೆನ್ನೂರು ದಾಟಿದ ಮೇಲೆ ಮಾವನವರು ನನ್ನ ಕೈಯಿಂದ ಆ ಸಣ್ಣ ಫೋನು ತೆಗೆದುಕೊಂಡು ಅಂಗೈಯಲ್ಲಿ ತೂಗಿ, ಹಗುರೈತಿ ಎಂದು ವಾಪಸ್ ಕೊಟ್ಟರು. ಸಂಜೆ ಗಂಡನಿಗೆ ನಾನು ಏನೇನು ಅಂದೆ ಎನ್ನುವುದು ಇಲ್ಲಿ ಬರೆಯುವಂಥದ್ದಲ್ಲ. ಎರಡು ದಿನ ಶಾಲೆಯ ಡಬ್ಬಿಗೆ ಬರೀ ರೊಟ್ಟಿ ಹೋಯಿತು, ಚಟ್ನಿ ಹೋಗಲಿಲ್ಲ.

ಮಾವನವರು ಬದಲಾದರೆಂದುಕೊಂಡಿರಾ? ಆಮೇಲೆ ಕುಕ್ಕರಿನ ರಬ್ಬರ್ ತರಲು ಹೊರಟಾಗ ಅವರ ಚೀಲ ಉಬ್ಬಿತ್ತು. ನೋಡಿದರೆ ಒಳಗೆ ಕುಕ್ಕರಿನ ಮುಚ್ಚಳ. ಯಾವ ಕಂಪನಿಯದು, ಎಷ್ಟು ಲೀಟರಿನದು ಎಂದು ಅಂಗಡಿಯವನ ಜೊತೆ ಮಾತಾಡುವ ಬದಲು ಮುಚ್ಚಳವನ್ನೇ ಹೊತ್ತು ಹೋಗಿ, ಅಲ್ಲೇ ಕೂರಿಸಿ ನೋಡಿ, ಬಾಯಿ ಬಿಡದೆ ತಂದರು. ರಬ್ಬರ್ ಸರಿಯಾಗಿ ಕೂತಿತು, ಅದನ್ನೂ ಹೇಳಬೇಕು. ಸಿಮ್ ಒಯ್ದಿದ್ದರೆ ಫೋನೂ ಹಾಗೇ ಕೂರುತ್ತಿತ್ತು.

ನನಗೆ ಆಮೇಲೆ ಬೇರೆ ಅಂಗಡಿಗಳು ಸಿಕ್ಕವು. ಹುಬ್ಬಳ್ಳಿಯ ಆ ಅಂಗಡಿ ಸಿಗಲಿಲ್ಲ. ಈಗ ಹಳೇ ಫೋನಿನ ಮಾತು ಬಂದರೆ ಯಾರು ಎಷ್ಟು ಕೆಮ್ಮಿದರೂ ನಾನು ಕೇಳುತ್ತೇನೆ, ನನ್ನ ಸಿಮ್ ಹಾಕಿ ನೋಡಿಯೇ ಏಳುತ್ತೇನೆ.

ಈಗ ನೀವು ಹೇಳಿ. ನಿಮ್ಮ ಸಿಮ್ಮನ್ನು ಒಲ್ಲೆ ಎಂದ ಫೋನು ಯಾವುದು, ಎಲ್ಲಿ ಕೊಂಡಿದ್ದಿರಿ, ಯಾರು ಕೆಮ್ಮಿದ್ದಕ್ಕೆ ಕೇಳದೆ ಬಂದಿರಿ? ಕೆಳಗೆ ಬರೆಯಿರಿ. ನಾನೊಬ್ಬಳೇ ಅಲ್ಲವೆಂದು ಗೊತ್ತಾದರೆ ಈ ಸಿಟ್ಟು ಒಂದಿಷ್ಟಾದರೂ ಇಳಿದೀತು.