ಬ್ರೇಕಕ್ಕನ ಗೇಟು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಬ್ಬಿಬ್ಬಾದಾಗ ಕಲಿಸುವವರು ಅದನ್ನು ಒತ್ತುತ್ತಾರೆ. ಅರ್ಧ ಆಯುಸ್ಸನ್ನು ಆ ಸೀಟಿನಲ್ಲೇ ಕಳೆದ ಆಕೆಯನ್ನು ಬೀದಿಯವರೆಲ್ಲ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಾರಿನಿಂದ ಇಳಿದ ಮೇಲೂ ಆಕೆಯ ಕಾಲಿಗೆ ಅಭ್ಯಾಸ ಬಿಡುತ್ತಿರಲಿಲ್ಲ. ಗಂಡ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳಲು ಹೋದರೆ ಮೇಜಿನ ಕೆಳಗೆ ಬಲಗಾಲು ನೆಲವನ್ನು ಒತ್ತುತ್ತಿತ್ತು. ಕನ್ನಡಕದ ಅಂಗಡಿ ನಡೆಸುತ್ತಿದ್ದ ಗಂಡ ಆ ಸಪ್ಪಳ ಕೇಳಿದೊಡನೆ ಚಮಚ ಕೆಳಗಿಡುತ್ತಿದ್ದ.

ಮದುವೆಗೆ ಮುಂಚೆ ಆಕೆ ಬ್ರೆಡ್ ಕಾರ್ಖಾನೆಯೊಂದರ ವ್ಯಾನ್ ಓಡಿಸುತ್ತಿದ್ದಳು. ವ್ಯಾನಿನ ಬಾಗಿಲು ಹಿಂಬದಿಗೆ. ಅಂಗಡಿಗಳು ಇದ್ದದ್ದು ಇಕ್ಕಟ್ಟಾದ ಗಲ್ಲಿಗಳಲ್ಲಿ. ಹಾಗಾಗಿ ದಿನವಿಡೀ ರಿವರ್ಸ್‌ನಲ್ಲೇ ಗಲ್ಲಿಯೊಳಗೆ ನುಗ್ಗಬೇಕಿತ್ತು. ಮುಂದೆ ಸ್ವಂತ ಶಾಲೆ ತೆರೆದಾಗಲೂ ಆ ಕ್ರಮ ಬದಲಾಗಲಿಲ್ಲ. ಬೇರೆಯವರು ಕೊನೆಯಲ್ಲಿ ಕಲಿಸುವ ರಿವರ್ಸನ್ನು ಆಕೆ ಮೊದಲ ದಿನವೇ ಕಲಿಸುತ್ತಿದ್ದಳು.

ಶಾಲೆ ಎಂದರೆ ಒಂದು ಪುಟ್ಟ ಕಾರು, ಅಷ್ಟೇ. ಅದು ನಿಲ್ಲುತ್ತಿದ್ದುದು ಮನೆಯ ಪಕ್ಕದ ಉದ್ದನೆಯ ಓಣಿಯಂಥ ಜಾಗದಲ್ಲಿ. ಆ ಜಾಗಕ್ಕೆ ರಸ್ತೆಯ ಕಡೆ ಒಂದು ಗೇಟು. ಆ ಗೇಟು ತೆರೆದುಕೊಂಡರೆ ಶಾಲೆ ಉಂಟು, ಇಲ್ಲದಿದ್ದರೆ ಇಲ್ಲ.

ಪಕ್ಕದ ಮನೆಗೆ ಪರದೆ ಬಟ್ಟೆಯ ಅಂಗಡಿಯವನೊಬ್ಬ ಹೆಂಡತಿಯೊಂದಿಗೆ ಬಂದ. ಜೊತೆಗೆ ಒಂದು ಕಾರೂ ಬಂತು. ಹಳೆಯದಾದರೂ ದೋಣಿಯಷ್ಟು ಉದ್ದದ್ದು. ಅವನ ಮನೆಗೂ ಅಂಗಳವಿತ್ತು, ಅಂಗಳಕ್ಕೆ ಅಗಲವಾದ ಗೇಟಿತ್ತು. ಆದರೆ ಅಂಗಳದಲ್ಲಿ ಹೆಂಡತಿಯ ಹೂಕುಂಡಗಳು ಹಾಯಾಗಿದ್ದವು. ಕಾರು ಮಾತ್ರ ಬ್ರೇಕಕ್ಕನ ಗೇಟಿಗೆ ಅಡ್ಡ ನಿಲ್ಲುತ್ತಿತ್ತು. ಕರೆದರೆ ಅವನು ಬನಿಯನ್ನಿನಲ್ಲೇ ಬಾಲ್ಕನಿಗೆ ಬಂದು, "ಎರಡೇ ನಿಮಿಷ ಮೇಡಂ, ಬಂದೆ ಬಂದೆ!" ಎನ್ನುತ್ತಿದ್ದ. ಆ ನಿಮಿಷಗಳು ಎಷ್ಟು ಹಿಗ್ಗುತ್ತಿದ್ದವೆಂದರೆ ಬ್ರೇಕಕ್ಕನ ಅತ್ತೆ ಅವನಿಗೆ ಎರಡ್ನಿಮಿಷ ಎಂದೇ ಹೆಸರಿಟ್ಟರು.

ಬಂದ ಮೇಲೂ ಅವನು ವಿಚಿತ್ರವಾಗಿ ನಡೆದುಕೊಳ್ಳುತ್ತಿದ್ದ. ಕಾರು ಒಂದು ಮಾರು ಹಿಂದೆ ಸರಿದರೆ ಸಾಕಿತ್ತು. ಅವನು ಮುಂದಕ್ಕೆ ಹೊರಟು, ಇಡೀ ಬಡಾವಣೆಯನ್ನು ಸುತ್ತಿಕೊಂಡು, ಆಕೆಯ ಕಾರು ಹೊರಗೆ ಹೋದ ಮೇಲೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದ.

"ನಾಲ್ಕೂ ಚಕ್ರದ ಗಾಳಿ ತೆಗಿ ಕಣೇ," ಎಂದರು ಅತ್ತೆ.

"ತೆಗೆದ್ರೆ ಅಲ್ಲೇ ಕೂತ್ಬಿಡುತ್ತಲ್ಲ ಅತ್ತೆ. ತೊಂದರೆ ಯಾರಿಗೆ?"

"ಹಾಗಾದ್ರೆ ಜಾಸ್ತಿ ಗಾಳಿ ತುಂಬು. ಹಾರಿಯಾದ್ರೂ ಹೋಗಲಿ."

ಇದು ಹೀಗೇ ನಗುವಿನಲ್ಲಿ ನಡೆದು ಹೋಗುತ್ತಿತ್ತೇನೋ. ಆದರೆ ಬ್ರೇಕಕ್ಕನ ಶಿಷ್ಯರಲ್ಲಿ ಒಬ್ಬಳು ನರ್ಸ್ ಇದ್ದಳು. ಹಾಸಿಗೆ ಹಿಡಿದ ರೋಗಿಗಳ ಮನೆಗಳಿಗೆ ಹೋಗಿ ನೋಡಿಕೊಳ್ಳುವ ಕೆಲಸ ಅವಳಿಗೆ ಸಿಗುವುದರಲ್ಲಿತ್ತು. ಅದಕ್ಕೆ ಲೈಸೆನ್ಸ್ ಬೇಕು. ಪರೀಕ್ಷೆಯನ್ನು ಕಲಿತ ಶಾಲೆಯ ಕಾರಿನಲ್ಲೇ ಕೊಡಬೇಕು. ಪರೀಕ್ಷೆಯ ದಿನ ನೋಡಿದರೆ ಎರಡ್ನಿಮಿಷ ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಹೆಂಡತಿಯೊಂದಿಗೆ ರೈಲು ಹತ್ತಿ ಅವಳ ತವರಿಗೆ ಹೋಗಿಬಿಟ್ಟಿದ್ದ. ನರ್ಸ್ ಗೇಟಿನ ಸರಳು ಹಿಡಿದು ನಿಂತಿದ್ದಳು. ಅಳಲಿಲ್ಲ.

"ಅಕ್ಕ, ಮುಂದಿನ ತಿಂಗಳು ಇನ್ನೊಂದು ದಿನ ಕೊಟ್ಟಿದಾರೆ. ಅದೂ ತಪ್ಪಿದ್ರೆ ಕೆಲಸ ಬೇರೆಯವರಿಗೆ."

"ತಪ್ಪೋದಿಲ್ಲ," ಎಂದಳು ಬ್ರೇಕಕ್ಕ.

ಅವನು ಊರಿನಿಂದ ಬಂದ ಮರುದಿನದಿಂದ ಆಕೆಯ ಶಾಲೆಯಲ್ಲಿ ಹೊಸ ಪಾಠ ಶುರುವಾಯಿತು. ಉದ್ದದ ಕಾರಿನ ಬೆನ್ನಿಗೆ ಅಂಟುವ ಹಾಗೆ ಪಾರ್ಕ್ ಮಾಡುವುದು ಹೇಗೆ ಎಂಬ ಪಾಠ. ಸ್ಟಿಯರಿಂಗ್ ಹಿಡಿದು ವಾರವೂ ಆಗದವರೆಲ್ಲ ಬಂದರು. ಅವರ ಬಂಪರು ಅವನ ಬಂಪರಿಗೆ ಗೇಣುದ್ದದಲ್ಲಿ ನಿಲ್ಲುತ್ತಿತ್ತು. ನಿಲ್ಲಿಸುತ್ತಿದ್ದುದು ಬ್ರೇಕಕ್ಕನ ಕಾಲು. ಆದರೆ ಅದು ಬಾಲ್ಕನಿಗೆ ಕಾಣುವುದಿಲ್ಲವಲ್ಲ. ಎರಡ್ನಿಮಿಷ ಪ್ರತಿ ಸಲವೂ ಕಂಬಿ ಹಿಡಿದು, "ಅಯ್ಯಯ್ಯೋ, ನಿಲ್ಸಿ, ನಿಲ್ಸಿ!" ಎನ್ನುತ್ತಿದ್ದ.

"ಪಾಪ, ಹೊಸಬರು ಸಾರ್," ಎಂದು ಬ್ರೇಕಕ್ಕ ಕಿಟಕಿಯಿಂದ ಕೂಗುತ್ತಿದ್ದಳು. "ನಿಮಗೆ ಭಯ ಆದ್ರೆ ನಿಮ್ಮ ಅಂಗಳದಲ್ಲೇ ನಿಲ್ಸಿಕೊಳ್ಳಿ!"

ಅವನ ಮುಖ ಬಾಡಿತು. ಆದರೂ ಕಾರು ಅಂಗಳಕ್ಕೆ ಹೋಗಲಿಲ್ಲ. ಆಕೆಗೆ ಅನುಮಾನ ಬಂದದ್ದೇ ಆಗ. ಬೆಳಿಗ್ಗೆ ಎದ್ದು ಮೆತ್ತನೆಯ ಬಟ್ಟೆಯಲ್ಲಿ ಕಾರಿನ ಕೆನ್ನೆ ಒರೆಸುವ ಮನುಷ್ಯ ಇಷ್ಟನ್ನು ಯಾಕೆ ಸಹಿಸಿಕೊಳ್ಳುತ್ತಾನೆ? ಅಂಗಳಕ್ಕೆ ಮೂತಿ ಮುಂದೆ ಮಾಡಿ ನುಗ್ಗಿಸಿದರೆ ಹೊರಬರುವಾಗ ಹಿಂದೆ ಬರಲೇಬೇಕು. ಹಿಂದೆ ನುಗ್ಗಿಸಿದರಂತೂ ಹೇಳುವುದೇ ಬೇಡ. ರಸ್ತೆಯಲ್ಲಿ ಸುಮ್ಮನೆ ಮುಂದಕ್ಕೆ ಬಂದು ಮುಂದಕ್ಕೆ ಹೋಗಬಹುದಾದ ಜಾಗ ಆಕೆಯ ಗೇಟಿನ ಎದುರು ಮಾತ್ರ ಇತ್ತು. ನೆನಪು ಕೆದಕಿದಳು. ರಿವರ್ಸ್ ಹಾಕಿದಾಗ ಹತ್ತುವ ಆ ಕಾರಿನ ಹಿಂಬದಿಯ ಬಿಳಿ ದೀಪ ಉರಿದದ್ದನ್ನು ತಾನು ಒಮ್ಮೆಯೂ ನೋಡಿರಲಿಲ್ಲ.

ಊಹೆಯನ್ನು ಪರೀಕ್ಷಿಸದೆ ನಂಬುವವಳಲ್ಲ ಆಕೆ. ರಜಾದಿನದ ಮಧ್ಯಾಹ್ನ ಅವನ ಕಾರಿನ ಮುಂದೆ, ಮೂತಿಗೆ ಮೂತಿ ತಾಗುವಂತೆ, ತನ್ನ ಕಾರನ್ನು ನಿಲ್ಲಿಸಿ ಗೇಟಿಗೆ ಒರಗಿ ಕಿತ್ತಳೆ ಸುಲಿಯುತ್ತ ನಿಂತಳು. ಗಂಡ ಹೆಂಡತಿ ಎಲ್ಲಿಗೋ ಹೊರಟು ಸಿಂಗರಿಸಿಕೊಂಡು ಬಂದರು.

"ಮೇಡಂ, ನಿಮ್ಮ ಗಾಡಿ ಸ್ವಲ್ಪ..."

"ಎರಡೇ ನಿಮಿಷ ಸಾರ್," ಎಂದು ಬ್ರೇಕಕ್ಕ ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡಳು.

"ಹಿಂದೆ ಅಷ್ಟು ಜಾಗ ಇದೆಯಲ್ರೀ, ಹಿಂದೆ ತಗೊಳ್ಳಿ," ಎಂದಳು ಹೆಂಡತಿ.

"ಇಂಜಿನ್ ಬಿಸಿ ಆಗಬೇಕು ಕಣೇ."

"ಹಿಂದೆ ಹೋಗೋದಕ್ಕೆ ಬೇರೆ ಬಿಸಿ ಇದೆಯಾ?"

ಇಂಜಿನ್ ಬಿಸಿಯಾಯಿತು. ಅವನೂ ಆದ. ಕನ್ನಡಿ ಸರಿಮಾಡಿದ, ಸೀಟು ಸರಿಮಾಡಿದ, ಅಂಗಿಯ ಕಾಲರ್ ಸರಿಮಾಡಿದ. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತು. ಗೇರಿಗೆ ಹೋದ ಕೈ ಮತ್ತೆ ಮತ್ತೆ ಸ್ಟಿಯರಿಂಗಿಗೆ ವಾಪಸ್ ಬರುತ್ತಿತ್ತು. ಇಂಥ ಕೈಗಳನ್ನು ಬ್ರೇಕಕ್ಕ ಪಕ್ಕದ ಸೀಟಿನಿಂದ ಸಾಕಷ್ಟು ನೋಡಿದ್ದಳು. ಆಕೆಯ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಕಿತ್ತಳೆ ಸಿಪ್ಪೆಯನ್ನು ಎಸೆದು ಮುಂದೆ ಬಂದಳು.

"ಇರಿ ಸಾರ್, ನಿಮ್ಮ ಹಿಂದಿನ ದೀಪ ಕೆಟ್ಟ ಹಾಗಿದೆ. ಈಗ ರಿವರ್ಸ್ ಬೇಡ. ನಾನೇ ತೆಗೀತೀನಿ," ಎಂದು ಹೆಂಡತಿಗೆ ಕೇಳುವಂತೆ ಹೇಳಿ ತನ್ನ ಕಾರನ್ನು ಸರಿಸಿದಳು.

ಆ ಸಂಜೆ ಅವನು ಒಬ್ಬನೇ ಬಂದ.

"ನನ್ನ ದೀಪ ಕೆಟ್ಟಿಲ್ಲ ಮೇಡಂ."

"ಗೊತ್ತು ಸಾರ್. ಕೂತ್ಕೊಳ್ಳಿ."

ಮದುವೆಯಾದ ಹೊಸದರಲ್ಲಿ ಮಾವನ ಮನೆಯಿಂದ ಹೊರಡುವಾಗ ರಿವರ್ಸ್ ತೆಗೆದು ಗೇಟಿನ ಕಂಬ ಉರುಳಿಸಿದ್ದನಂತೆ. ಲಾರಿಯೊಂದು ಗುದ್ದಿ ಓಡಿಹೋಯಿತು ಎಂದು ಎಲ್ಲರನ್ನೂ ನಂಬಿಸಿದ್ದ. ಅಂದಿನಿಂದ ಆ ಗೇರಿಗೆ ಕೈ ಹೋದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅಲ್ಲಿಗೆ ರೈಲಿನಲ್ಲಿ ಹೋಗುತ್ತಿದ್ದುದೂ ಅದಕ್ಕೇ.

"ನಿಮ್ಮ ಕಂಬಕ್ಕೆ ಒಂದು ಹುಡುಗಿಯ ಪರೀಕ್ಷೆ ಹೋಯ್ತು," ಎಂದಳು ಬ್ರೇಕಕ್ಕ. "ನಾಳೆಯಿಂದ ಬನ್ನಿ. ಅವಳ ಜೊತೆಗೇ ಕಲೀರಿ."

ಆರೋಗ್ಯಕ್ಕಾಗಿ ವಾಕಿಂಗ್ ಎಂದು ಮನೆಯಲ್ಲಿ ಹೇಳಿ ಅವನು ಬೀದಿಯ ಮೂಲೆಯವರೆಗೆ ನಡೆದು ಬರುತ್ತಿದ್ದ. ಆಗಲೇ ಹೊರಗಿರುತ್ತಿದ್ದ ಶಾಲೆಯ ಕಾರನ್ನು ಅಲ್ಲಿ ಹತ್ತುತ್ತಿದ್ದ. ಗೋದಾಮೊಂದರ ಹಿಂದಿನ ಬಯಲಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಕಂಬ ಮಾಡಲಾಗಿತ್ತು. ಮೊದಲ ದಿನ ಒಂದೂ ಉಳಿಯಲಿಲ್ಲ.

"ಸಾರ್, ಹಿಂದೆ ನೋಡಿ ಸಾರ್," ಎಂದಳು ಹಿಂದಿನ ಸೀಟಿನಿಂದ ನರ್ಸ್.

"ನೋಡ್ತಾ ಇದೀನಮ್ಮ!"

"ಕಣ್ಣು ಮುಚ್ಚಿಕೊಂಡು ನೋಡ್ತಿದೀರ. ಕನ್ನಡಿಯಲ್ಲಿ ಕಾಣುತ್ತೆ ನನಗೆ."

ದಿನ ಕಳೆದಂತೆ ಪೆಟ್ಟಿಗೆಗಳು ನಿಂತುಕೊಳ್ಳತೊಡಗಿದವು. ಆದರೆ ಅದು ಶಾಲೆಯ ಕಾರು, ಪಕ್ಕದಲ್ಲಿ ಇನ್ನೊಂದು ಬ್ರೇಕ್ ಇತ್ತು. ತನ್ನ ಉದ್ದದ ಕಾರಿನಲ್ಲಿ ಅವನು ಇನ್ನೂ ಮುಂದಕ್ಕೇ ಹೋಗುತ್ತಿದ್ದ. ಪರೀಕ್ಷೆಯ ದಿನ ಬೆಳಿಗ್ಗೆಯೇ ತೆಗೆದುಬಿಡುತ್ತೇನೆ, ಒಂದು ಸುತ್ತು ಹೊಡೆದರಾಯಿತು ಎಂದು ಮಾತು ಕೊಟ್ಟಿದ್ದ.

ಆ ಬೆಳಿಗ್ಗೆ ಮುಂದಿನ ಮನೆಯ ಎದುರು ನೀರಿನ ಟ್ಯಾಂಕರ್ ಬಂದು ರಸ್ತೆ ತುಂಬ ನಿಂತಿತ್ತು. ಪೈಪು ಎಳೆದಾಗಿತ್ತು, ಚಾಲಕ ಕಾಣಿಸಲಿಲ್ಲ. ನರ್ಸ್ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಓಣಿಯೊಳಗಿನ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕುಳಿತಿದ್ದಳು. ಎರಡ್ನಿಮಿಷ ಬನಿಯನ್ನಿನಲ್ಲೇ ಓಡಿ ಬಂದು ಟ್ಯಾಂಕರನ್ನು ನೋಡಿದ, ಹಿಂದಿನ ಖಾಲಿ ರಸ್ತೆಯನ್ನು ನೋಡಿದ. ಬ್ರೇಕಕ್ಕ ಕೈ ಚಾಚಿದಳು.

"ಕೀ ಕೊಡಿ ಸಾರ್, ನಾನು ತೆಗೀತೀನಿ."

ಅವನು ಕೀ ಕೊಡಲು ಹೋಗಿ, ಗೇಟಿನ ಸರಳುಗಳಾಚೆ ಕುಳಿತಿದ್ದ ಹುಡುಗಿಯನ್ನು ನೋಡಿ ಕೈ ಹಿಂದೆಳೆದುಕೊಂಡ.

"ಬೇಡ. ಆವತ್ತು ತಡೆದವನು ನಾನು. ನಾನೇ ತೆಗೀತೀನಿ. ನೀವು ದಯವಿಟ್ಟು ಮಾತಾಡಬೇಡಿ."

ಬಿಳಿ ದೀಪ ಹತ್ತಿತು. ಕಿಟಕಿಯಲ್ಲಿದ್ದ ಅತ್ತೆ ಉಸಿರು ಬಿಗಿಹಿಡಿದರು. ಕಾರು ಮುಜುಗರಪಡುತ್ತ ಹಿಂದೆ ಬಂತು, ನಿಂತಿತು, ಸೊಂಟ ತಿರುಗಿಸಿತು, ಅವನದೇ ಗೇಟಿನೊಳಗೆ ಹೋಯಿತು. ಒಂದು ಹೂಕುಂಡ ಫಟ್ಟೆಂದಿತು. ಹೆಂಡತಿ ಬಾಗಿಲಿಗೆ ಬಂದಳು.

"ನಮ್ಮಪ್ಪನ ಮನೆ ಕಂಬಕ್ಕೆ ಗುದ್ದಿದ ಲಾರಿ ಇದೇನಾ?"

"ನಿನಗೆ ಗೊತ್ತಿತ್ತಾ?"

"ಆವತ್ತು ಇಡೀ ಬೀದಿ ನೋಡಿತ್ತು ಕಣ್ರೀ. ನೀವಾಗೇ ಹೇಳ್ತೀರಿ ಅಂತ ಕಾದೆ. ಇಷ್ಟು ವರ್ಷ ಹಿಡಿಯುತ್ತೆ ಅನ್ಕೊಂಡಿರಲಿಲ್ಲ."

ಅವನ ಉತ್ತರ ಕೇಳಲು ಬ್ರೇಕಕ್ಕ ನಿಲ್ಲಲಿಲ್ಲ. ಗೇಟು ಹಾರುಹೊಡೆದು ಪಕ್ಕದ ಸೀಟಿಗೆ ಹಾರಿ ಕುಳಿತಳು. ನರ್ಸ್ ಕಾರನ್ನು ರಸ್ತೆಗಿಳಿಸಿ, ಟ್ಯಾಂಕರಿಗೆ ಬೆನ್ನು ಹಾಕಿ ಹೊರಟಳು. ಲೈಸೆನ್ಸ್ ಕಚೇರಿಯಲ್ಲಿ ಅವಳ ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಒಳಗೆ ಹೋದರು. ದಾರಿಯಲ್ಲಾಗಲಿ ಪರೀಕ್ಷೆಯಲ್ಲಾಗಲಿ ಎರಡನೆಯ ಬ್ರೇಕಿಗೆ ಕೆಲಸವೇ ಬೀಳಲಿಲ್ಲ.

ಈಗ ನರ್ಸ್ ತನ್ನ ರೋಗಿಗಳ ಮನೆಗಳಿಗೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಬ್ರೇಕಕ್ಕನ ಗೇಟಿನ ಎದುರು ಸೈಕಲ್ಲೂ ನಿಲ್ಲುವುದಿಲ್ಲ. ತೊಂದರೆ ಬಂದಿರುವುದು ಅತ್ತೆಗೆ. ಕಲಿತದ್ದು ಮರೆಯಬಾರದೆಂದು ಎರಡ್ನಿಮಿಷ ದಿನಾ ಬೆಳಿಗ್ಗೆ ಬೆಳಕು ಹರಿಯುತ್ತಲೇ ಕಾರನ್ನು ಅಂಗಳದಿಂದ ಹೊರಗೆ, ಮತ್ತೆ ಒಳಗೆ, ಮತ್ತೆ ಹೊರಗೆ ರಿವರ್ಸ್ ಮಾಡುತ್ತಾನೆ. ಹಿಂದೆ ಬರುವಾಗ ಹಾಡುವ ಒಂದು ಪೆಟ್ಟಿಗೆಯನ್ನೂ ಕಾರಿಗೆ ಹಾಕಿಸಿಕೊಂಡಿದ್ದಾನೆ.

"ಲೇ," ಎಂದು ಅತ್ತೆ ಹೊದಿಕೆಯೊಳಗಿನಿಂದ ಕೂಗುತ್ತಾರೆ, "ಹೋಗಿ ಹೇಳೇ ಅವನಿಗೆ, ಮೊದಲಿನ ಹಾಗೆ ನಮ್ಮ ಗೇಟಿಗೇ ಅಡ್ಡ ನಿಲ್ಸಲಿ. ನಿದ್ದೆಯಾದ್ರೂ ಮಾಡ್ಕೋತೀನಿ!"