ಹೊರಗಿನ ಚಿಲಕ

೧೯೭೧ರ ಡಿಸೆಂಬರಿನಲ್ಲಿ ನಾನು ವಾಯುಸೇನೆಯ ಬಾಂಬರ್ ವಿಮಾನವೊಂದರಲ್ಲಿ ನ್ಯಾವಿಗೇಟರ್ ಆಗಿದ್ದೆ. ವಿಮಾನ ನಡೆಸುವವನು ಪೈಲಟ್. ದಾರಿಯ ಲೆಕ್ಕ ಹಾಕಿ, ಗುರಿ ನೋಡಿ ಬಾಂಬು ಬಿಡುವವನು ನ್ಯಾವಿಗೇಟರ್. ಗಡಿಯಾಚೆ ನಮಗೆ ಗುಂಡು ತಗಲಿತು. ನಾನು ಪ್ಯಾರಾಶೂಟಿನಲ್ಲಿ ಇಳಿದು ಸೆರೆಯಾದೆ. ಪೈಲಟ್ ಉಳಿಯಲಿಲ್ಲ.

ನನ್ನನ್ನು ಒಂಟಿ ಕೋಣೆಯಲ್ಲಿ ಹಾಕಿ ಹೊರಗಿನಿಂದ ಬೀಗ ಜಡಿದರು. ಕಾವಲಿಗಿದ್ದವನು ನಡುವಯಸ್ಸಿನ ಸಿಪಾಯಿ, ಮಹಾ ಸಿಡುಕ. ರೊಟ್ಟಿಯ ತಟ್ಟೆಯನ್ನು ಬೂಟಿನಿಂದ ಒಳಗೆ ನೂಕುತ್ತಿದ್ದ. ಉದಗೀರಿನ ಓಣಿಯಲ್ಲಿ ಬೆಳೆದ ನನಗೆ ಉರ್ದು ಬಾರದೆ ಇರುತ್ತದೆಯೇ? ಅವನು ಬೈದದ್ದೆಲ್ಲ ಅಕ್ಷರ ಅಕ್ಷರವೂ ತಿಳಿಯುತ್ತಿತ್ತು. ಬೈಯಲಿ ಬಿಡಿ, ಅವನ ನಾಡಿನ ಮೇಲೆ ಬಾಂಬು ಹಾಕಿದವನು ತಾನೇ ನಾನು.

ಒಂದು ಮಧ್ಯಾಹ್ನ ನಮ್ಮ ವಿಮಾನಗಳೇ ಮೇಲೆ ಬಂದವು. ಶಬ್ದದಿಂದಲೇ ಗುರುತು ಹಿಡಿದೆ. ಮೊದಲ ಬಾಂಬಿಗೆ ಕಾವಲಿನವರೆಲ್ಲ ಕಂದಕಕ್ಕೆ ಹಾರಿದರು. ನನ್ನ ಕೋಣೆಯ ಗೋಡೆ ಬಿರುಕು ಬಿಟ್ಟಿತು. ಕೂಗಿದೆ, ಬಾಗಿಲು ಗುದ್ದಿದೆ. ಆಗ ಆ ಸಿಡುಕ ಕಂದಕದಿಂದೆದ್ದು ಓಡಿ ಬಂದ. ಕೈ ನಡುಗಿ ಕೀಲಿ ಕೆಳಗೆ ಬಿತ್ತು. ಬೈಯುತ್ತಲೇ ಬೀಗ ತೆಗೆದ, ಕೊರಳಪಟ್ಟಿ ಹಿಡಿದು ನನ್ನನ್ನು ಹೊರಗೆ ದಬ್ಬಿ, ಇನ್ನೊಬ್ಬ ಸೆರೆಯಾಳಿದ್ದ ಮುಂದಿನ ಕೋಣೆಯತ್ತ ಓಡಿದ. ನಾನು ಕಂದಕ ಸೇರುವಷ್ಟರಲ್ಲಿ ಹಿಂದೆ ಆ ಕೋಣೆಗಳ ಸಾಲು ಕುಸಿದಿತ್ತು.

ನಿವೃತ್ತನಾಗಿ ಉದಗೀರಿಗೆ ಬಂದ ಮೇಲೆ, ೧೯೯೩ರಲ್ಲಿ ಭೂಕಂಪವಾಯಿತು. ಫೌಜಿಯ ಮಾತನ್ನು ಜನ ಕೇಳುತ್ತಾರೆಂದು, ಮನೆ ಕುಸಿದ ಸಾಸ್ತೂರು ಹಳ್ಳಿಯ ಕುಟುಂಬಗಳನ್ನು ತಗಡಿನ ಶೆಡ್ಡುಗಳಿಗೆ ಸೇರಿಸುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಗಂಗವ್ವ ಎಂಬಾಕೆ ಮಾತ್ರ ಶೆಡ್ಡಿನೊಳಗೆ ಹೋಗಲು ಜಪ್ಪಯ್ಯ ಅನ್ನಲಿಲ್ಲ. ಕಲ್ಲುಮಣ್ಣಿನ ಗೋಡೆ ಬಾಗಿಲಿಗೆ ಅಡ್ಡ ಬಿದ್ದು ಆಕೆಯ ಗಂಡ ಒಳಗೇ ಸತ್ತಿದ್ದ. ಅಂಗಳದಲ್ಲಿ ಮಲಗಿದ್ದ ಆಕೆಯೂ, ಹೆರಿಗೆಗೆಂದು ಬಂದಿದ್ದ ಮಗಳೂ ಉಳಿದಿದ್ದರು. ಈಗ ಹಸಿಬಾಣಂತಿ ಮಗಳು ಕೂಸನ್ನು ಅವುಚಿಕೊಂಡು ಬೇವಿನ ಮರದಡಿ ನೆನೆಯುತ್ತಿದ್ದಳು. ಕೂಸು ಅಳುವುದನ್ನೂ ಬಿಟ್ಟಿತ್ತು. ಡಾಕ್ಟರು ಹೇಳಿ ಸೋತರು, ನಾನು ಗದರಿಸಿ ಸೋತೆ. ತಗಡು ಬಿದ್ದರೆ ಯಾರೂ ಸಾಯುವುದಿಲ್ಲವೆಂದರೂ ಆಕೆ ಕಣ್ಣು ಕೀಲಿಸಿದ್ದು ಶೆಡ್ಡಿನ ಬಾಗಿಲಿನ ಮೇಲೆಯೇ.

ಕಡೆಗೆ ಪಕ್ಕದಲ್ಲಿ ಕೂತು, ಬೀಗದೊಳಗೆ ನಾನು ಅನುಭವಿಸಿದ್ದನ್ನೆಲ್ಲ, ಆ ಸಿಪಾಯಿ ಬಂದು ಬೀಗ ತೆಗೆದದ್ದನ್ನೂ ಹೇಳಿದೆ. ಅಲ್ಲಿಯವರೆಗೆ ಎಲ್ಲರೂ ಕೇಳಿದ್ದು ಎಷ್ಟು ಬಾಂಬು ಹಾಕಿದಿರಿ, ಎಷ್ಟು ಹೊಡೆದರು ಎಂದೇ. ಗಂಗವ್ವ ಬೇರೆಯೇ ಕೇಳಿದಳು.

"ಅಂವಾ ಉಳದ್ನೇನ್ರೀ, ಸಾಹೇಬ್ರ?"

"ಗೊತ್ತಿಲ್ಲವ್ವಾ. ಮರುದಿನಾನ ನಮ್ಮನ್ನ ಬ್ಯಾರೆ ಕಡಿ ಒಯ್ದ್ರು."

ಆಕೆ ಎದ್ದು ಹೋಗಿ ಶೆಡ್ಡಿನ ಹೊರಗಿನ ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿದಳು. ಆಮೇಲೆ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು.

"ಕೂಸಿನ್ನ ತಗೊಂಡು ಒಳಗ ಹೋಗು. ಬಾಗಲಾ ತೆಗಿಯಾಕ ನಾ ಹೊರಗ ಕುಂದರ್ತೀನಿ."

ಗೋಣಿಚೀಲ ತಲೆಗೆ ಹೊದ್ದು, ಚಿಲಕದ ಮೇಲೆ ಕೈಯಿಟ್ಟು ಆ ಮಳೆಯಲ್ಲೇ ಕೂತಳು. ಆಕೆಯ ಕೈ ನಡುಗುತ್ತಿತ್ತು. ನಾನು ಬೆರಗಾಗಿ ನಿಂತುಬಿಟ್ಟೆ.

ಧೈರ್ಯದ ಬಗ್ಗೆ ಫೌಜಿನಲ್ಲಿ ನಮಗೆ ಬಹಳ ಪಾಠ ಹೇಳಿದ್ದರು. ಹೆದರಿದವರೇ ಇನ್ನೊಬ್ಬರ ಬಾಗಿಲಿಗೆ ಬಂದು ನಿಲ್ಲುತ್ತಾರೆಂಬುದನ್ನು ನಾನು ಕಲಿತದ್ದು ಈ ಇಬ್ಬರಿಂದ. ಅವರಲ್ಲಿ ಒಬ್ಬನ ಹೆಸರು ನನಗೆ ಇಂದಿಗೂ ತಿಳಿಯದು.