ಭಾವನ ಚಾಸಿ, ನಮ್ಮ ಬಾಡಿ, ನಡುವಿನ ಸಂದು

ಛಾವಣಿಯ ಕಬ್ಬಿಣದ ತೊಲೆಗೆ ಕಟ್ಟಿದ ಚೈನ್ ಪುಲ್ಲಿಯಲ್ಲಿ, ಹಿಂದೊಂದು ಮುಂದೊಂದು ಬೆಲ್ಟಿನ ಮೇಲೆ, ಜೀಪಿನ ಬಾಡಿ ತೂಗಾಡುತ್ತಿತ್ತು. ಅದರ ಕೆಳಗೆ ಚಾಸಿ, ಅಂದರೆ ಬಾಡಿ ಹೊರುವ ಕಬ್ಬಿಣದ ಅಡಿಚೌಕಟ್ಟು. ಪಕ್ಕದಲ್ಲಿ ನಾನು ಮತ್ತು ಭಾವ, ಜಗಳವಾಡುತ್ತಾ.

ಚಳ್ಳಕೆರೆಯಲ್ಲಿ ಎಂದೋ ನಿಂತುಹೋದ ಎಣ್ಣೆ ಮಿಲ್ಲಿನ ಶೆಡ್ಡು ಅದು. ಈಗ ಫಿಟ್ಟರ್ ದಾದಾಪೀರ್ ಅವರ ವರ್ಕ್‌ಶಾಪು. ಶೇಂಗಾ ಎಣ್ಣೆ ಕುಡಿದೂ ಕುಡಿದೂ ಆ ನೆಲ ಇವತ್ತಿಗೂ ಜಾರುತ್ತದೆ.

ಬಾಡಿ ನಮ್ಮಪ್ಪನ ಜೀಪಿನದು. ನಾಟಕದ ಪರದೆ, ಕಿರೀಟ, ಹಾರ್ಮೋನಿಯಂ ಹೇರಿಕೊಂಡು ಊರೂರು ಸುತ್ತಿದ ಬಾಡಿ. ನಾನು ಮೊದಲ ಪಾರ್ಟು ಬಾಯಿಪಾಠ ಮಾಡಿದ್ದೇ ಅದರ ಹಿಂದಿನ ಸೀಟಿನಲ್ಲಿ. ಅದರ ಕೆಳಗಿದ್ದ ಚಾಸಿ ಮಾತ್ರ ತುಕ್ಕು ಹಿಡಿದು ಪುಡಿಯಾಗಿತ್ತು.

ಹೊಸದಾಗಿ ತಂದ ಚಾಸಿ ಭಾವನದು, ಅಂದರೆ ನಮ್ಮಕ್ಕನ ಗಂಡನದು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಅವರಪ್ಪ ಸೀರೆ ಗಂಟು ಹಾಕಿಕೊಂಡು ರಾಂಪುರ, ಬಳ್ಳಾರಿ ಎಂದು ಓಡಿಸುತ್ತಿದ್ದ ಜೀಪಿನಲ್ಲಿ ಉಳಿದದ್ದು ಅದೊಂದೇ.

ಎರಡನ್ನೂ ಸೇರಿಸಿ ಒಂದು ಜೀಪು ಮಾಡಲು ಹೊರಟಿದ್ದೆವು. ಎರಡೂ ಜೀಪೇ... ಆದರೆ ಬೇರೆ ಬೇರೆ ಕಾಲದವು. ಭಾವನ ಚಾಸಿಯ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ದಪ್ಪ ಬ್ರಾಕೆಟ್ಟು ಎದ್ದು ನಿಂತಿತ್ತು. ಬಾಡಿ ಇಳಿಸಿದರೆ ಆ ಬ್ರಾಕೆಟ್ಟಿನ ಮೇಲೆ ಕೂರುತ್ತದೆ, ಚಾಸಿಯ ಮೇಲಲ್ಲ. ಉಳಿದ ಕಡೆಯೆಲ್ಲ ಸಂದು.

ಬ್ರಾಕೆಟ್ಟು ಕೊಯ್ಯೋಣ ಅಂತ ನಾನು. ಬಾಡಿಯ ತಳ ಕೊಯ್ಯಿ ಅಂತ ಭಾವ.

"ನಮ್ಮಪ್ಪನ ಚಾಸಿಗೆ ಗ್ರೈಂಡರ್ ಇಟ್ಟು ನೋಡು, ನಿಮ್ಮಕ್ಕನ್ನ ವಾಪಸ್ ಕಳಿಸ್ತೀನಿ."

"ಕಳಿಸ್ರಿ ಭಾವ. ಒಂದು ದಿನ ನೀವೇ ಮುದ್ದೆ ತಿರುವಿ ಉಂಡು, ಆಮೇಲೆ ಮಾತಾಡ್ರಿ."

ದಾದಾಪೀರ್ ಸರಪಳಿ ಹಿಡಿದುಕೊಂಡೇ ನಿಂತಿದ್ದರು. "ಅರೆ, ಇಬ್ರೂ ಬೇಗ ಒಂದು ಮಾತಿಗೆ ಬರ್ರಿ. ಬೆಲ್ಟು ಹಳೇದೈತೆ."

ಯಾರು ಕೇಳಬೇಕು? ನಾನು ಆಗಲೇ ಎರಡೂ ಬ್ರಾಕೆಟ್ಟಿನ ಬುಡಕ್ಕೆ ಸೀಮೆಸುಣ್ಣದ ಗೆರೆ ಎಳೆದಾಗಿತ್ತು. ಗ್ರೈಂಡರಿನ ವೈರು ಪ್ಲಗ್ಗಿನಲ್ಲಿತ್ತು.

ಕೊನೆಯದಾಗಿ ಒಂದು ಸಲ ಇಳಿಸಿ ಸಂದು ಅಳೆಯೋಣ ಅಂದರು ಭಾವ. ಬಾಡಿ ಇಳಿಯಿತು. ಬ್ರಾಕೆಟ್ಟಿಗೆ ಇನ್ನೇನು ತಾಗಬೇಕು ಎನ್ನುವಾಗ ದಾದಾಪೀರ್ ನಿಲ್ಲಿಸಿದರು. ನಾನು ಟೇಪು ತೆಗೆದೆ.

"ಟೇಪು ಯಾಕಲೇ. ಸೀರೆ ಅಂಚು ಅಳೆಯೋ ಕೈ ಇದು" ಎನ್ನುತ್ತಾ ಭಾವ ಎಡ ಬ್ರಾಕೆಟ್ಟಿನ ಪಕ್ಕದ ಸಂದಿನೊಳಗೆ ಎಡಗೈ ತೂರಿಸಿದರು. "ನಾಲ್ಕು ಬೆರಳು..."

ಮಾತು ಮುಗಿಯಲಿಲ್ಲ.

ಮೇಲೆ ಪಟ್ ಎಂಬ ಸದ್ದು. ಹಿಂದಿನ ಬೆಲ್ಟು ಹರಿದು ಹಾವಿನ ಹಾಗೆ ಹಾರಿತು. ಬಾಡಿಯ ಹಿಂಭಾಗ ದಢಾರನೆ ಕೆಳಗೆ ಬಿತ್ತು.

 

ಭಾವ ಮಂಡಿಯೂರಿ ಕೂತಿದ್ದಾರೆ. ಮಣಿಕಟ್ಟಿನವರೆಗೆ ಕೈ ಒಳಗೆ. ಮುಖ ಬಿಳಿಚಿಕೊಂಡಿದೆ. ಗಾಬರಿಯಾದರೆ ಅವರ ಬಾಯಲ್ಲಿ ತೆಲುಗು ಬರುತ್ತದೆ.

"ಎತ್ತಂಡ್ರಾ... ಎತ್ತಂಡ್ರಾ..."

ಸರಪಳಿಗೆ ಕೈ ಹಾಕಿದೆ. ದಾದಾಪೀರ್ ನನ್ನ ಮುಂಗೈ ಹಿಡಿದರು.

"ಮುಟ್ಬೇಡ. ಈಗ ಉಳಿದಿರೋದು ಮುಂದಿನ ಬೆಲ್ಟು ಮಾತ್ರ. ಮುಂದೆ ಎತ್ತಿದ್ರೆ ಹಿಂದೆ ಇನ್ನೂ ಒತ್ತುತ್ತೆ. ಜಾಕಿ ತರ್ತೀನಿ, ಅಲ್ಲೀತನಕ ಹಾರೆ ಕೊಟ್ಟು ಹಿಡ್ಕೋ. ಅಲ್ಲಾಡಬೇಡ."

ಹಾರೆಯ ತುದಿಯನ್ನು ಬಾಡಿಯ ಅಂಚಿನ ಕೆಳಗೆ ತೂರಿಸಿ ಹೆಗಲು ಕೊಟ್ಟೆ. ಇಷ್ಟು ವರ್ಷ ನಾಟಕದಲ್ಲಿ ಭೀಮನಾಗಿ ನಾನು ಎತ್ತಿದ್ದೆಲ್ಲ ರಟ್ಟಿನ ಗದೆ. ಕಬ್ಬಿಣದ ಭಾರ ಏನೆಂದು ಅವತ್ತು ಗೊತ್ತಾಯಿತು.

ಎಣ್ಣೆ ನೆಲದಲ್ಲಿ ಕಾಲು ಜಾರುತ್ತಿದೆ. ಕಾಲು ಜಾರಿದರೆ ಹಾರೆ ಜಾರುತ್ತದೆ. ಹಾರೆ ಜಾರಿದರೆ...

"ಲೇ," ಭಾವ ಹಲ್ಲು ಕಚ್ಚಿಕೊಂಡೇ ಅಂದರು, "ಬೆರಳು ಅದಾವೋ ಇಲ್ವೋ ಗೊತ್ತಾಗ್ತಿಲ್ಲ. ಮಗ್ಗದ ಮೇಲೆ ಅರ್ಧ ಸೀರೆ ಐತೆ ಕಣೋ."

"ಅದಾವೆ ಭಾವ. ಸುಮ್ನಿರ್ರಿ."

ನನಗೆ ಏನೂ ಕಾಣುತ್ತಿರಲಿಲ್ಲ. ಆದರೂ ಹೇಳಿದೆ... ರಂಗದ ಮೇಲೆ ಮಾತು ಮರೆತವನಿಗೆ ಸೈಡ್‌ವಿಂಗಿನಿಂದ ಎತ್ತಿಕೊಡುವ ಹಾಗೆ, ಮೆಲ್ಲಗೆ.

ಜಾಕಿ ಬಂತು. ದಾದಾಪೀರ್ ಗೋಣಿಚೀಲ ಹಾಸಿ, ಅದರ ಮೇಲೆ ಹಲಗೆ ಇಟ್ಟು, ಜಾಕಿ ತಿರುವತೊಡಗಿದರು. ಒಂದೊಂದು ತಿರುವಿಗೂ ತಗಡು ಕಿರ್ ಎನ್ನುತ್ತದೆ. ಕೂದಲೆಳೆಯಷ್ಟು ಮೇಲೆ... ಇನ್ನೊಂದು ಕೂದಲೆಳೆಯಷ್ಟು...

ಕೈ ಹೊರಬಂತು.

ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ಭಾವ ಕಣ್ಣು ಮುಚ್ಚಿ, ಒಂದೊಂದೇ ಬೆರಳನ್ನು ಹೆಬ್ಬೆರಳಿಗೆ ತಾಗಿಸಿದರು, ಕಡಿದ ಎಳೆಗೆ ಗಂಟು ಹಾಕುವಾಗ ಮಾಡುವ ಹಾಗೆ. ಕಿರುಬೆರಳು ತಡವರಿಸಿತು. ಆಮೇಲೆ ಅದೂ ಬಂತು. ಆಗ ಕಣ್ಣು ಬಿಟ್ಟರು.

ದಾದಾಪೀರ್ ಕೈಗೆ ಟವೆಲ್ ಸುತ್ತುತ್ತಿದ್ದಾಗ ನಾನು ಬಗ್ಗಿ ನೋಡಿದೆ. ಅಷ್ಟು ಭಾರ ಬಿದ್ದರೂ ಕೈ ಉಳಿದದ್ದು ಹೇಗೆ?

ಜಾಕಿಯ ಪಕ್ಕದಲ್ಲೇ ಆ ಎಡ ಬ್ರಾಕೆಟ್ಟು. ಬಾಡಿ ಬಿದ್ದ ಹೊಡೆತಕ್ಕೆ ಅದರ ತಲೆ ಹೊಳೆಯುವಷ್ಟು ಉಜ್ಜಿಹೋಗಿದೆ. ಬಾಡಿ ಪೂರ್ತಿ ಕೂರದಂತೆ ತಡೆದು, ಒಂದು ಅಂಗೈ ದಪ್ಪದ ಸಂದು ಉಳಿಸಿದ್ದು ಅದೇ. ಬುಡದಲ್ಲಿ ನನ್ನ ಸೀಮೆಸುಣ್ಣದ ಗೆರೆ.

ಭಾವನೂ ಅದನ್ನೇ ನೋಡುತ್ತಿದ್ದರು.  ನಾನು ಹೆಗಲ ಮೇಲಿನ ವಸ್ತ್ರ ತೆಗೆದು ಗೆರೆ ಒರೆಸಿದೆ.

ಎಕ್ಸ್‌ರೇಯಲ್ಲಿ ಮೂಳೆಗೆ ಪೆಟ್ಟಿಲ್ಲ ಅಂತ ಬಂತು. ಆಸ್ಪತ್ರೆಯಿಂದ ಹೊರಗೆ ಬರುವಾಗ ಭಾವ, "ನಿಮ್ಮಕ್ಕನಿಗೆ ಬಾಗಿಲು ಸಂದಿಗೆ ಸಿಕ್ತು ಅಂತ ಹೇಳು" ಅಂದರು.

"ಯಾವ ಬಾಗಿಲು ಭಾವ?"

"ಅದನ್ನ ನೀನೇ ಬರ್ಕೋ. ನಾಟಕದೋನು ನೀನು."

ಅಕ್ಕ ನಂಬಲಿಲ್ಲ, ಅದು ಬೇರೆ ಮಾತು.

ಆ ಅರ್ಧ ಸೀರೆ ಮಗ್ಗದಿಂದ ಇಳಿದಿದೆ. ಜೀಪೂ ಓಡುತ್ತಿದೆ. ಚಾಸಿಯನ್ನೂ ಕೊಯ್ಯಲಿಲ್ಲ, ಬಾಡಿಯನ್ನೂ ಕೊಯ್ಯಲಿಲ್ಲ. ಸಂದಿಗೆಲ್ಲ ಹಳೇ ಟೈರಿನ ರಬ್ಬರು ಮಡಿಸಿಟ್ಟು ಬೋಲ್ಟ್ ಬಿಗಿದಿದ್ದೇವೆ. ಹಿಂಭಾಗ ಎತ್ತಿಕೊಂಡು, ಯಾರಿಗೋ ನಮಸ್ಕಾರ ಮಾಡುವ ಹಾಗೆ ಹೋಗುತ್ತದೆ.

ಮೊನ್ನೆ ಬಿ.ಜಿ. ಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಒಬ್ಬರು ಸುತ್ತ ನೋಡಿ, "ಬಾಡಿ ಸರಿಯಾಗಿ ಕೂತಿಲ್ಲ ಕಣ್ರಿ" ಅಂದರು.

ಭಾವ ಎಡಗೈಯಲ್ಲಿ ಲೋಟ ಹಿಡಿದುಕೊಂಡು, "ಕೂರೋದು ಬ್ಯಾಡ ಬಿಡ್ರಿ" ಅಂದರು.

ಹೊಂದುತ್ತಿಲ್ಲ ಎಂದು ಕೊಯ್ದುಹಾಕಲು ಹೊರಟು, ಹಾಗೇ ಬಿಟ್ಟದ್ದು ನಿಮ್ಮ ಮನೆಯಲ್ಲೂ ಏನಾದರೂ ಇದೆಯಾ?